ಅಕ್ಕನ ರಜೆಯನ್ನು ವಿಮಾನದ ಲೆಕ್ಕದಲ್ಲಿ ಅಳೆದವರಿಗೆ

ರಜಾ ವಿಭಾಗದ ಮಾನ್ಯ ಅಧಿಕಾರಿಗಳೇ,

ತಮಗೆ ಸವಿನಯ ವಂದನೆಗಳು. ನನ್ನ ಅಕ್ಕನ ಮದುವೆಗೆ ತಾವು ಕೊಟ್ಟಿರುವ ರಜೆ, ಅವಳು ಮನೆ ತಲುಪುವ ಮೊದಲೇ ಮುಗಿದುಹೋಗುತ್ತದೆ. ಇದು ಅನ್ಯಾಯ. ಆರಂಭದಲ್ಲೇ ಹೀಗೆ ಬರೆಯುವುದು ಒರಟುತನವಾದರೂ, ತಮ್ಮ ಅಮೂಲ್ಯ ಸಮಯ ಉಳಿಯಲಿ ಎಂಬ ಸದುದ್ದೇಶದಿಂದ ಬರೆದಿದ್ದೇನೆ. ಸಮಯ ಉಳಿಸುವ ವಿದ್ಯೆಯಲ್ಲಿ ತಾವೇ ನಮಗೆಲ್ಲ ಗುರುಗಳು.

ತಮ್ಮ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುವ ಅಕ್ಕ ಒಂದು ವಾರದ ರಜೆ ಕೇಳಿದಾಗ, ತಾವು ಕಂಪ್ಯೂಟರಿನಲ್ಲಿ ಎರಡು ಊರುಗಳ ಹೆಸರು ಒತ್ತಿ, ವಿಮಾನದ ದೂರ ನೋಡಿ, ಪ್ರಯಾಣ ನಾಲ್ಕೇ ಗಂಟೆ ಎಂದು ಕಂಡುಹಿಡಿದು, ಎರಡು ದಿನ ಮಂಜೂರು ಮಾಡಿ, "ಇದರಲ್ಲೂ ಅರ್ಧ ದಿನ ಉಳಿಯುತ್ತಮ್ಮ, ಬೇಗ ಬಂದುಬಿಡು" ಎಂದಿರಂತೆ. ಅಂದು ಸಂಜೆ ಅಕ್ಕ ಫೋನಿನಲ್ಲಿ, "ಲೋ, ನಂಗೆ ರೆಕ್ಕೆ ಇದೆ ಅಂದ್ಕೊಂಡಿದ್ದಾರೆ ಕಣೋ" ಎಂದು ನಕ್ಕಳು.

ದುಡಿಯುವವರ ಹೊತ್ತು ಕದಿಯಲು ಹಿಂದಿನ ಮಾಲೀಕರು ಗಡಿಯಾರದ ಮುಳ್ಳು ತಿರುಗಿಸುತ್ತಿದ್ದರೆಂದು ಒಂದು ಕರಪತ್ರದಲ್ಲಿ ಓದಿದ್ದೇನೆ. ಪಾಪ, ಅಲ್ಪತೃಪ್ತರು. ತಾವು ಗಡಿಯಾರವನ್ನು ಮುಟ್ಟಲೇ ಇಲ್ಲ, ಭೂಪಟಕ್ಕೇ ಇಸ್ತ್ರಿ ಹಾಕಿಬಿಟ್ಟಿರಿ. ಎರಡು ರೈಲು, ಒಂದು ಬಸ್ಸು, ಬಸ್ಸು ಕೆಟ್ಟು ನಿಂತರೆ ಯಾರದೋ ಲಾರಿ, ಹೀಗೆ ಎರಡು ದಿನಕ್ಕೂ ಮೀರಿ ಹಿಡಿಯುವ ದಾರಿ ತಮ್ಮ ಮೇಜಿನ ಮೇಲೆ ಒಂದು ಸುಕ್ಕೂ ಇಲ್ಲದೆ ಮಲಗಿದೆ. ನಮ್ಮ ಊರಿನಲ್ಲಿ ವಿಮಾನ ಇಳಿಯುವುದಿಲ್ಲ, ಮೇಲಿಂದ ಹಾದುಹೋಗುತ್ತದೆ. ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ನಮ್ಮ ತಾರಸಿಯ ಮೇಲೆ ಅದು ಕೊಂಚ ನಿಧಾನಿಸುವಂತೆ ಆಜ್ಞಾಪಿಸಿದರೆ, ಅಪ್ಪ, ಅಮ್ಮ, ಚಿಕ್ಕಪ್ಪ ಮತ್ತು ನಾನು ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಸಿದ್ಧರಿರುತ್ತೇವೆ.

ಅದು ಆಗದಿದ್ದರೂ ಚಿಂತೆಯಿಲ್ಲ. ಒಂದು ದಿನ ತಡವಾದರೆ ಕೆಲಸವಿಲ್ಲ ಎಂದು ತಾವು ಗೋಡೆಗೆ ಅಂಟಿಸಿರುವುದರಿಂದ, ಅಕ್ಕ ಅರ್ಧ ದಾರಿಗೂ ಮೊದಲೇ ಸಿಗುವ ಜಂಕ್ಷನ್‌ವರೆಗೆ ಬಂದು ಹಿಂತಿರುಗಬಹುದು. ನಡುವೆ ಒಂದು ಗಂಟೆ ಸಿಗುತ್ತದೆ. ಮದುವೆಯನ್ನು ಅಲ್ಲಿಗೇ ಸಾಗಿಸಿದ್ದೇವೆ, ಎರಡನೇ ಪ್ಲಾಟ್‌ಫಾರಂಗೆ. "ರೈಲು ಲೇಟಾದ್ರೆ ಮದುವೆಯೂ ಲೇಟು ಅಂತ ಮೈಕಲ್ಲಿ ಕೂಗ್ತಾರೇನೋ?" ಎಂದು ಚಿಕ್ಕಪ್ಪ ಗೊಣಗಿದರು. ಲೇತ್ ಯಂತ್ರದಲ್ಲಿ ದುಡಿಯುವ ನಮ್ಮ ಭಾವೀ ಭಾವ ಮಾತ್ರ, "ಎಲ್ಲಾದ್ರೂ ಸರಿ, ಅವಳು ಇಳಿದ್ರೆ ಸಾಕು" ಎಂದರು. ಮದುವೆಯಾಗಿ ಅದೇ ಒಂದು ಗಂಟೆಯೊಳಗೆ ಅವರು ಹೆಂಡತಿಯನ್ನು ರೈಲು ಹತ್ತಿಸಬೇಕು. ಅದಕ್ಕೆ ತಮ್ಮ ಕಂಪ್ಯೂಟರು ಎಷ್ಟು ಗಂಟೆ ತೋರಿಸುತ್ತದೆಯೋ ತಿಳಿಸಬೇಕು.

ತಮ್ಮ ವಿಮಾನದ ನೆರಳಿನಲ್ಲೇ ಬಾಳುತ್ತಿರುವ,
ತಮ್ಮ ವಿಶ್ವಾಸಿ,
ಕಾಲರ್ ಹೊಲಿಯುವವಳ ತಮ್ಮ

ತಾ.ಕ.: ಮದುವೆಗೆ ತಾವು ಬರಲೇಬೇಕು. ರಜೆಯನ್ನು ತಮಗೆ ತಾವೇ ಮಂಜೂರು ಮಾಡಿಕೊಳ್ಳಬಹುದು, ಆದರೆ ಎರಡು ದಿನ ಮೀರದಿರಲಿ. ಅಕ್ಕನ ಜೊತೆ ಅದೇ ರೈಲಿನಲ್ಲಿ, ಅದೇ ಜನರಲ್ ಬೋಗಿಯಲ್ಲಿ ಬನ್ನಿ. ಕೂರಲು ಜಾಗ ಸಿಗದಿದ್ದರೆ ಬಾಗಿಲ ಬಳಿ ಗಾಳಿ ಚೆನ್ನಾಗಿರುತ್ತದೆ. ಅವಳು ತಮಗಾಗಿ ಟಿಕೆಟ್ ಕಿಟಕಿಯ ಮುಂದೆ ಕಾಯುತ್ತಾಳೆ: ಶನಿವಾರ, ಬೆಳಿಗ್ಗೆ ಏಳು ಗಂಟೆ.