ಅಜ್ಜ ಹಿಡಿದ ಡಬ್ಬಿ

ಫೋನು ಟ್ರಿಣ್ ಎಂದಿತು. ಇಂಟರ್ನೆಟ್ ಸತ್ತಿತು. ಪ್ರೆಸ್ಸಿನಲ್ಲಿ ಕರಡು ತಿದ್ದುವ ಪ್ರೂಫ್ ಮೇಷ್ಟ್ರಿಗೆ ಅಂದು ಬೆಳಗಿನಿಂದ ಇದು ಏಳನೆಯ ಸಲ.

ಬೇರೆ ದಿನವಾಗಿದ್ದರೆ ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ದೂರದ ಊರಿನಲ್ಲಿ ಮಗಳು ಹೆತ್ತು ನಾಲ್ಕು ದಿನವಾಗಿತ್ತು. ಹೆಂಡತಿಯ ಕಾಲಿಗೆ ಪ್ಲಾಸ್ಟರ್ ಬಿದ್ದದ್ದರಿಂದ ಇಬ್ಬರೂ ಹೊರಡುವ ಹಾಗಿರಲಿಲ್ಲ. ಸಂಜೆ ನಾಲ್ಕಕ್ಕೆ ಕಂಪ್ಯೂಟರಿನಲ್ಲೇ ಮೊಮ್ಮಗಳ ಮುಖ ತೋರಿಸುವುದೆಂದು ತೀರ್ಮಾನವಾಗಿತ್ತು. ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು ಎರಡು ಗಂಟೆಗೇ ಕುರ್ಚಿ ಹಿಡಿದು ಕೂತಿದ್ದರು.

ಫೋನ್ ಮಾಡುತ್ತಿದ್ದವರೆಲ್ಲ ನೆಂಟರೇ.

"ಮಗು ನೋಡಿದ್ರಾ?"

"ನೀವು ಫೋನ್ ಇಟ್ರೆ ನೋಡ್ತೀನಿ!"

ಮೇಲಿನ ಮನೆಯ ಬಸ್ ಮೆಕ್ಯಾನಿಕ್ಕಿಗೆ ಇನ್ನೊಬ್ಬರ ಮನೆಯ ರಿಪೇರಿ ಎಂದರೆ ಹಬ್ಬದೂಟ. ಕರೆಯುವ ಮೊದಲೇ ಸ್ಕ್ರೂಡ್ರೈವರ್ ಸಮೇತ ಇಳಿದು ಬಂದ. ರಿಸೀವರನ್ನು ಕಿವಿಗಿಟ್ಟು, ಎದೆಬಡಿತ ಕೇಳುವ ಡಾಕ್ಟರ ಹಾಗೆ ಕಣ್ಣು ಮುಚ್ಚಿದ.

"ಗೊರಗೊರ ಅಂತಿದೆ ಮೇಷ್ಟ್ರೇ. ಬಿಚ್ಚಿಬಿಡ್ಲಾ?"

"ಏನನ್ನೂ ಬಿಚ್ಚಬೇಡಪ್ಪಾ!" ಎಂದು ಹೆಂಡತಿ ಸೋಫಾದಿಂದಲೇ ಕೂಗಿದರು.

ಆ ಕೂಗಿಗೆ ಎದುರು ಮನೆಯ ಟೈಲರಮ್ಮ ಕೊರಳಲ್ಲಿ ಅಳತೆ ಟೇಪಿನೊಂದಿಗೇ ಓಡಿ ಬಂದಳು. "ಫಿಲ್ಟರ್ ನೋಡಿದ್ರಾ?"

"ನೀರಿಂದಾ?" ಎಂದ ಮೆಕ್ಯಾನಿಕ್.

"ಫೋನಿಂದು ಕಣಪ್ಪ! ಗೋಡೆಗೂ ಫೋನಿಗೂ ಮಧ್ಯ ಬೆಂಕಿಪೊಟ್ಟಣದಷ್ಟು ಬಿಳೀ ಡಬ್ಬಿ ಇರತ್ತೆ. ಮಾತನ್ನೂ ಇಂಟರ್ನೆಟ್ಟನ್ನೂ ಬೇರೆ ಬೇರೆ ಇಡೋದು ಅದೇ. ಅದು ಕೈ ಕೊಟ್ರೆ ಎರಡೂ ಜಗಳ ಆಡ್ತವೆ."

ಹಾಲ್‌ನಲ್ಲಿದ್ದ ಫೋನಿನ ಡಬ್ಬಿ ಗಟ್ಟಿಯಾಗಿತ್ತು. ಇನ್ನೊಂದು ಫೋನು ಮಲಗುವ ಕೋಣೆಯಲ್ಲಿ. ಅದರ ಡಬ್ಬಿ ಮಂಚದ ಕೆಳಗೆ. ಮೇಷ್ಟ್ರು ಬೋರಲು ಬಿದ್ದು ತೆವಳಿದರು. ಹಣೆ ಮಂಚಕ್ಕೆ ಬಡಿಯಿತು, ಇಸ್ತ್ರಿ ಅಂಗಿ ನೆಲ ಒರೆಸಿತು. ಕ್ಲಿಪ್ಪು ಮುರಿದ ಡಬ್ಬಿ, ಬೀಳಲಿರುವ ಹಾಲುಹಲ್ಲಿನಂತೆ ಗೋಡೆಯಲ್ಲಿ ನೇತಾಡುತ್ತಿತ್ತು.

ಒತ್ತಿ ಹಿಡಿದರು.

"ಬಂತು! ಮೋಡೆಮ್ಮಿನ ಹಸಿರು ದೀಪ ಬಂತು!" ಹಾಲಿನಿಂದ ಕೂಗು.

ಕೈಬಿಟ್ಟರು.

"ಹೋಯ್ತು!"

"ಇದನ್ನ ಕಿತ್ತೇ ಹಾಕ್ಲಾ?" ಎಂದು ಮಂಚದ ಕೆಳಗಿನಿಂದ ಕೇಳಿದರು.

"ಅಯ್ಯಯ್ಯೋ!" ಮೆಕ್ಯಾನಿಕ್ ಬಾಗಿಲಿಗೇ ಓಡಿ ಬಂದ. "ಕಿತ್ರೆ ಇಡೀ ಲೈನೇ ಸಾಯತ್ತೆ. ಅಲುಗಾಡದೆ ಹಿಡ್ಕೊಂಡಿರಿ, ಅಂಟಿಸೋಕೆ ಏನಾದ್ರೂ ತರ್ತೀನಿ."

ಅವನು ತಿರುಗುವಷ್ಟರಲ್ಲಿ ನಾಲ್ಕು ಹೊಡೆಯಿತು, ಕಂಪ್ಯೂಟರು ಹಾಡತೊಡಗಿತು. ಅಂಟಿಸುವುದನ್ನು ಮರೆತು ಅವನೂ ಹಾಲಿಗೆ ಹಾರಿದ.

"ಅಯ್ಯೋ ನನ್ನ ಬಂಗಾರಾ!" ಹೆಂಡತಿಯ ದನಿ.

"ಮುಷ್ಟಿ ನೋಡಿ, ಬಟನ್ ಅಷ್ಟೇ ಇದೆ!" ಟೈಲರಮ್ಮನದು.

"ಯಾರಾದ್ರೂ ಒಂದ್ನಿಮಿಷ ಬಂದು ಇದನ್ನ ಹಿಡ್ಕೊಳ್ರೋ!"

"ಬಂದೆ ಮೇಷ್ಟ್ರೇ, ಬಂದೆ," ಎಂದ ಮೆಕ್ಯಾನಿಕ್. ಕೂತಲ್ಲಿಂದ ಕದಲಲಿಲ್ಲ.

ಮೇಷ್ಟ್ರು ತಿರುಗಿ ಮಲಗಿ, ಡಬ್ಬಿಯನ್ನು ಕಾಲಿನ ಹೆಬ್ಬೆರಳಿನಿಂದ ಒತ್ತಿ, ಕತ್ತನ್ನು ಬಾಗಿಲ ಕಡೆ ಚಾಚಿದರು. ಕಂಡದ್ದು ಟೈಲರಮ್ಮನ ಬೆನ್ನು. ಇನ್ನೊಂದು ಗೇಣು ಚಾಚಿದರು. ಕಾಲು ಜಾರಿತು.

ಹಾಲಿನಲ್ಲಿ ಹಾಹಾಕಾರ. "ರೀ! ಬಿಟ್ರಾ? ಮಗು ಆಕಳಿಸ್ತಾ ಅರ್ಧಕ್ಕೇ ನಿಂತ್ಹೋಯ್ತು! ಬಾಯಿ ಮುಚ್ಚೋ ಹಾಗಾದ್ರೂ ಮಾಡಿ!"

ಮೇಷ್ಟ್ರು ಮತ್ತೆ ತಿರುಗಿ, ಕೈಯಲ್ಲೇ ಒತ್ತಿ ಹಿಡಿದರು. ಹೀಗೇ ಮುಕ್ಕಾಲು ಗಂಟೆ ಕಳೆಯಿತು. ತೋಳು ಮರಗಟ್ಟಿದರೂ, ಹೊರಗಿನ ಪ್ರತಿ ನಗುವಿಗೂ ಮಂಚದ ಕೆಳಗೆ ಅವರೂ ಒಬ್ಬರೇ ನಗುತ್ತಿದ್ದರು. ಕೊನೆಗೆ ಮಗಳ ದನಿ ಕೇಳಿಸಿತು.

"ಅಮ್ಮಾ, ಅಪ್ಪ ಎಲ್ಲಿ?"

"ಮಂಚದ ಕೆಳಗಿದ್ದಾರೆ. ಫಿಲ್ಟರ್ ಹಿಡ್ಕೊಂಡು."

"ಹಿಡ್ಕೊಂಡು? ಅದನ್ನ ಕಿತ್ತು ಬಿಸಾಕೋಕೆ ಹೇಳಮ್ಮಾ! ಆ ಫೋನ್ ಒಂದು ನಿಲ್ಲತ್ತೆ, ಅಷ್ಟೇ. ಸಡಿಲ ಇದ್ರೇನೇ ಇಂಟರ್ನೆಟ್ಟಿಗೆ ಕಾಟ, ಕಿತ್ರೆ ಏನೂ ಆಗಲ್ಲ!"

ಮೆಕ್ಯಾನಿಕ್ ಸ್ಕ್ರೂಡ್ರೈವರನ್ನು ಮೆಲ್ಲನೆ ಜೇಬಿಗಿಳಿಸಿದ.

ಮೇಷ್ಟ್ರು ಡಬ್ಬಿಯನ್ನು ಫೋನಿನ ಸಮೇತ ಕಿತ್ತು, ಹಣೆಯನ್ನು ಮತ್ತೊಮ್ಮೆ ಮಂಚಕ್ಕೆ ಬಡಿಸಿಕೊಂಡು ಹಾಲಿಗೆ ಧಾವಿಸಿದರು. ಹಸಿರು ದೀಪ ಆರಲಿಲ್ಲ, ಮಿಣುಕಲೂ ಇಲ್ಲ. ಚಿತ್ರವೂ ಕೊರೆದಿಟ್ಟಷ್ಟು ಸ್ಪಷ್ಟ.

ತೆರೆಯ ತುಂಬ ಒಂದು ಹೊದಿಕೆ.

"ಅಪ್ಪಾ..." ಮಗಳು ಪಿಸುಗುಟ್ಟಿದಳು, "ಈಗಷ್ಟೇ ನಿದ್ದೆ ಹೋದ್ಲು. ಮುಸುಕು ಸರಿಸಿದ್ರೆ ಎದ್ದು ಕಿರುಚ್ತಾಳೆ."

"ಬೇಡ, ಬೇಡ, ಮಲಗ್ಲಿ," ಮೇಷ್ಟ್ರೂ ಪಿಸುಗುಟ್ಟಿದರು. ಹೊದಿಕೆ ಮೆಲ್ಲಗೆ ಏರಿಳಿಯುತ್ತಿತ್ತು. ಅದನ್ನೇ ಬಾಯಿ ತೆರೆದು ನೋಡಿದರು.

"ಹೊಲಿಗೆ ನೀಟಾಗಿದೆ," ಎಂದಳು ಟೈಲರಮ್ಮ, ಸಮಾಧಾನಕ್ಕೆ.

ಹೆಂಡತಿಗೆ ಪಾಪ ಎನಿಸಿತು. ಧೂಳು ಮೆತ್ತಿದ ಗಂಡನ ಮುಖವನ್ನು ಸೆರಗಿನಿಂದ ಒರೆಸುತ್ತ ಹೇಳಿದರು: "ಬೇಜಾರ್ ಮಾಡ್ಕೋಬೇಡಿ. ಮೂಗು, ಗಲ್ಲ, ಬೋಳು ತಲೆ, ಎಲ್ಲ ನಿಮ್ದೇ. ನೋಡ್ಬೇಕು ಅನ್ಸಿದ್ರೆ ಹೋಗಿ ಕನ್ನಡಿ ನೋಡ್ಕೊಳ್ಳಿ."