ಮಕ್ತಲ್ ಚರ್ಚಿಗೆ ಬಂದ ಹಳಗನ್ನಡದ ರಾಜ

ಒಳ್ಳೆಯ ಪದ್ಯ ಸಿಕ್ಕರೆ ಓದಿ ಸಂತೋಷಪಡುವವರು ರಸಿಕರು. ಅದರ ಬಾಲಕ್ಕೊಂದು ನೀತಿ ಕಟ್ಟದೆ ಬಿಡದವರು ಮೇಷ್ಟರು. ನಾನು ಮೇಷ್ಟರೂ ಹೌದು, ಕ್ರೈಸ್ತನೂ ಹೌದು. ಹಾಗಾಗಿ ನನ್ನ ಕೈಗೆ ಸಿಕ್ಕ ಪದ್ಯಕ್ಕೆ ನೀತಿಯ ಜೊತೆ ಒಂದು ಪ್ರಾರ್ಥನೆಯೂ ತಪ್ಪುತ್ತಿರಲಿಲ್ಲ.

ತೆಲಂಗಾಣ ಆದ ವರ್ಷ ಅದು. ಕರ್ನಾಟಕದ ಗಡಿಗೆ ಅಂಟಿಕೊಂಡ ನಮ್ಮ ಮಕ್ತಲ್‌ನಲ್ಲಿ ಬೋರ್ಡು ಬರೆಯುವವರಿಗೆ ಊಟಕ್ಕೂ ಬಿಡುವಿರಲಿಲ್ಲ. ಎಲ್ಲೆಡೆ ರಾಜ್ಯದ ಹೆಸರು ಬದಲಾಗುತ್ತಿತ್ತು. ಆ ಹುರುಪು ನಮ್ಮ ಚರ್ಚಿನ ಮಕ್ಕಳಿಗೂ ಅಂಟಿತ್ತು. "ಸರ್, ಹೊಸ ರಾಜ್ಯದಾಗ ನಮ್ಮ ಕನ್ನಡ ಇರ್ತೈತೇನ್ರಿ?" ಎಂದು ಹತ್ತನೆಯ ತರಗತಿಯ ಕೃಪಾ ಕೇಳಿದಳು. ಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಅಷ್ಟೇ ಸಾಕಾಯಿತು. ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಹಳಗನ್ನಡ ಕಾವ್ಯದ ಪಾಠ ಶುರು ಮಾಡಿಯೇಬಿಟ್ಟೆ. ನಮ್ಮ ಮಕ್ಕಳು ಹಳೆಯ ಕಾವ್ಯವನ್ನು ಕ್ರೈಸ್ತ ಕಣ್ಣಿನಿಂದ ಓದಬೇಕೆಂಬುದು ನನ್ನ ಘನ ಉದ್ದೇಶ. ಮಕ್ಕಳಿಗೆ ನನ್ನ ಗುಟ್ಟು ಬೇಗ ಸಿಕ್ಕಿತು. ಏನು ಕೇಳಿದರೂ "ಕ್ಷಮೆ ಸರ್!" ಎಂದರೆ ಉತ್ತರ ಸರಿಯಾಗುತ್ತಿತ್ತು.

ಸಭೆಯ ಹಿರಿಯರಾದ ದಾನಪ್ಪನವರಿಗೆ ಮಾತ್ರ ಇದು ಸೇರಲಿಲ್ಲ. "ದೇವರ ಮನ್ಯಾಗ ರಾಜರ ಕಾಳಗದ ಪದ್ಯ ಯಾಕ್ರಿ ಮಾಸ್ತರ್? ಬರೋ ಐತವಾರ ನಾನೇ ಬಂದು ಕೂಡ್ತೀನಿ. ಸರಿ ಕಾಣಲಿಲ್ಲಂದ್ರ ಪಾಸ್ಟರಿಗೆ ಹೇಳಿ ಬಂದ್ ಮಾಡಿಸ್ತೀನಿ" ಎಂದರು. ಹಾಗೆ ಮಾಡಿಸುವ ಗಟ್ಟಿಗರೇ ಅವರು. ತಂದೆ ಚರ್ಚಿನಲ್ಲಿ ನುಡಿಸುತ್ತಿದ್ದ ಹಾರ್ಮೋನಿಯಂ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಗದ್ವಾಲದ ತಮ್ಮನೊಡನೆ ಮಾತು ಬಿಟ್ಟವರು, ಆಮೇಲೆ ಆ ಊರಿನ ಬಸ್ಸನ್ನೂ ಹತ್ತಿರಲಿಲ್ಲ. ಪೆಟ್ಟಿಗೆ ತಮ್ಮನ ಬಳಿ ಉಳಿಯಿತು. ನಮ್ಮ ಚರ್ಚು ಚಪ್ಪಾಳೆಯ ಮೇಲೆಯೇ ಹಾಡಿಕೊಂಡಿತ್ತು.

ಆ ಭಾನುವಾರಕ್ಕೆ ನಾನು ಭರ್ಜರಿ ಭಾಗವನ್ನೇ ಆರಿಸಿದ್ದೆ. ಎಲ್ಲವನ್ನೂ ಕಳೆದುಕೊಂಡ ರಾಜ ರಣಭೂಮಿಯಲ್ಲಿ ಒಬ್ಬನೇ ನಡೆಯುತ್ತಾನೆ. ದಾರಿಯಲ್ಲಿ ವೈರಿಯ ಮಗನ ಹೆಣ. ಅಲ್ಲಿ ನಿಂತು ಆ ಹುಡುಗನ ಶೌರ್ಯಕ್ಕೆ ಕೈಮುಗಿಯುತ್ತಾನೆ. ನಾನು ಪದ್ಯ ಓದಿ, ಕೆಮ್ಮಿ, ಮೊದಲ ನೀತಿಗೆ ಬಾಯಿ ತೆರೆಯುವಷ್ಟರಲ್ಲಿ ಹುಡುಗರ ಸಾಲಿನಿಂದ ದಯಾಕರ ಎದ್ದು ನಿಂತ.

"ವೈರಿ ಮಗನ್ನ ಹೊಗಳಾಕ ಎದಿ ಬೇಕ್ರಿ ಸರ್! ಈ ರಾಜ ನಮ್ಮಂವನ ರೀ!"

"ಏನ್ ನಮ್ಮಂವ?" ಕೃಪಾ ಬೆಂಚನ್ನು ಕುಟ್ಟಿದಳು. "ಹೊಗಳಿದ್ದು ಕೇಳಾಕ ಆ ಹುಡುಗ ಎಲ್ಲಿದ್ದಾನ? ಸತ್ತಮ್ಯಾಲ ಕೈಮುಗಿಯೋದು ಸರಳ ಐತಿ. ಜೀವ ಇದ್ದಾಗ ಮನೀಗಿ ಹೋಗಿ ಮಾತಾಡ್ಸಬೇಕಿತ್ತು!"

ಕೋಣೆಗೆ ಬೆಂಕಿ ಬಿದ್ದಂತಾಯಿತು. ಅರ್ಧ ಕನ್ನಡ, ಅರ್ಧ ತೆಲುಗು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಎಷ್ಟೋ ಶತಮಾನ ಹಿಂದಿನ ರಾಜನೊಬ್ಬ ಮಕ್ತಲ್‌ನಲ್ಲಿ ಚುನಾವಣೆಗೆ ನಿಂತಂತಿತ್ತು! ಅದೇ ಹೊತ್ತಿಗೆ, ಹೇಳಿದಂತೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ದಾನಪ್ಪನವರು ಎದ್ದು, ಯಾರ ಮುಖವನ್ನೂ ನೋಡದೆ, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹೊರಗೆ ನಡೆದುಬಿಟ್ಟರು. ಪಾಠಕ್ಕೆ ಬೀಗ ಬಿತ್ತೆಂದೇ ನಾನು ತಿಳಿದೆ. ವಾರವಿಡೀ ಪಾಸ್ಟರು ಎದುರಾದಾಗಲೆಲ್ಲ ಬೇರೆ ಓಣಿ ಹಿಡಿದೆ.

ಮುಂದಿನ ಭಾನುವಾರ ದಾನಪ್ಪನವರು ಬಂದೇ ಬಂದರು. ಒಬ್ಬರೇ ಅಲ್ಲ. ಅವರದೇ ಮೂಗು, ಅವರದೇ ಹುಬ್ಬಿನ ಇನ್ನೊಬ್ಬರು ಜೊತೆಗಿದ್ದರು. ಇಬ್ಬರ ನಡುವೆ ಹಾರ್ಮೋನಿಯಂ ಪೆಟ್ಟಿಗೆ ತೂಗುತ್ತಿತ್ತು.

"ಆವತ್ತು ಇಲ್ಲಿಂದ ಸೀದಾ ಗದ್ವಾಲ ಬಸ್ ಹತ್ತಿದೆ ಮಾಸ್ತರ್," ಎಂದರು ದಾನಪ್ಪ. "ತಮ್ಮ ಬಾಗಲಾ ತೆಗೆದಂವನ 'ಪೆಟಗಿ ಒಯ್ಯಾಕ ಬಂದಿಯೇನು?' ಅಂದ. 'ನಿನ್ನ ನೋಡಾಕ ಬಂದೀನೋ' ಅಂದೆ. ಅವಂಗ ಅಳು ಬಂತ್ರಿ. ನಂಗ ಮೊದ್ಲೇ ಬಂದಿತ್ತು."

ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಿತು. "ಎಲ್ಲಾ ಆ ಪಾಠದ ಪ್ರಭಾವ" ಎಂದು ವಿನಯದಿಂದ ಶುರು ಮಾಡಿದೆ.

"ಪಾಠ ಎಲ್ಲಿ ಮಾಡಿದ್ರಿ ಮಾಸ್ತರ್? ಪದ್ಯ ಕೇಳಿದೆ, ಈ ಹುಡುಗಿ ಮಾತು ಕೇಳಿದೆ. ಅಷ್ಟ. ಇನ್ಮ್ಯಾಲೂ ಹಂಗ ಮಾಡ್ರಿ. ನೀವು ಪದ್ಯ ಓದಿ ಸುಮ್ನ ಕೂಡ್ರಿ. ಮುಂದಿಂದು ಹುಡುಗ್ರು ನೋಡ್ಕೋತಾರ. ಪಾಸ್ಟರಿಗೂ ಹೇಳೀನಿ, ಒಪ್ಯಾರ."

ಹಾಗೆ ನನ್ನ ತರಗತಿ ಉಳಿಯಿತು. ಆ ದಿನ ಪದ್ಯ ಓದಿ, ತುಟಿ ಬಿಗಿಹಿಡಿದು ಕುಳಿತೆ. ಗಂಟಲಲ್ಲಿ ನೀತಿಗಳು ಗುದ್ದಾಡುತ್ತಿದ್ದವು. ಮಕ್ಕಳು ಮತ್ತೆ ಕಾಳಗಕ್ಕಿಳಿದರು. ಪೆಟ್ಟಿಗೆಯನ್ನು ಯಾರು ನುಡಿಸಬೇಕೆಂದು ಅಣ್ಣತಮ್ಮಂದಿರೂ ಒಂದು ಕೈ ನೋಡಿದರು. ಕದ ತಳ್ಳಿ ಇಣುಕಿದ ನನ್ನ ಹೆಂಡತಿ, ಅಷ್ಟು ಗದ್ದಲದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿದ್ದ ನನ್ನನ್ನು ಕಂಡು ಗಾಬರಿಯಾದಳು. ಹತ್ತಿರ ಬಂದು ಹಣೆ ಮುಟ್ಟಿ ಕೇಳಿದಳು:

"ಯಾಕ್ರಿ, ಮೈಯಾಗ ಆರಾಮ ಇಲ್ಲೇನು?"