ಲಾಬಿಗೆ ಇಳಿದ ಅಂತರಿಕ್ಷ ನೌಕೆ

ಕೆಲವರಿಗೆ ಹಲ್ಲಿಯ ಭಯ, ಕೆಲವರಿಗೆ ಸೂಜಿಯ ಭಯ. ನನಗಿರುವುದು ಕಥೆಯ ಕೊನೆಯನ್ನು ಯಾರಾದರೂ ಮೊದಲೇ ಹೇಳಿಬಿಟ್ಟಾರೆಂಬ ಭಯ. ಹಾಗೆ ಹೇಳುವ ಚಟದವರು ಹೊರಗಿನವರಾದರೆ ತಪ್ಪಿಸಿಕೊಂಡು ತಿರುಗಬಹುದು. ನನ್ನ ಪಾಲಿಗೆ ಬಂದಿರುವುದು ಹೆಂಡತಿಯ ತಮ್ಮ ಸತೀಶ. ಆರ್.ಟಿ. ನಗರದಲ್ಲಿದ್ದಾನೆ. ಯಾವ ಸಿನಿಮಾ ನೋಡಿದರೂ ಕೊಲೆಗಾರ ಯಾರೆಂದು ನನಗೆ ತಿಳಿಸುವವರೆಗೆ ಅವನಿಗೆ ಊಟ ಸೇರುವುದಿಲ್ಲ. ಬೈದರೆ, "ಇಲ್ಲ ಭಾವ, ನಿಮಗೆ ಸುಮ್ನೆ ಟೆನ್ಷನ್ ಯಾಕೆ ಅಂತ" ಎನ್ನುತ್ತಾನೆ.

ಈ ವರ್ಷ ನಾವೆಲ್ಲ ಒಂದು ಅಂತರಿಕ್ಷದ ಧಾರಾವಾಹಿಗೆ ಮರುಳಾಗಿದ್ದೆವು. ನೆಟ್‌ನಲ್ಲಿ ವಾರಕ್ಕೊಂದು ಕಂತು ಬಿಡುತ್ತಿದ್ದರು, ಶನಿವಾರ ಸಂಜೆ. ತಣಿಸಂದ್ರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ಹೊತ್ತಿಗೆ ವಾಕಿಂಗ್ ಮಾಡುವವರೂ ಕಡಿಮೆಯಾಗಿದ್ದರು. ಕೊನೆಯ ಕಂತಿನ ದಿನ ನನ್ನ ಹೆಂಡತಿ ಸುಧಾ ಬೇಗನೆ ಅಡುಗೆ ಮುಗಿಸಿದಳು, ಮಗಳು ಮೇಘನಾ ಕಾಲೇಜಿನ ಗೆಳತಿಯರನ್ನು ಬರಬೇಡಿ ಅಂದಳು, ನಾನು ಸೋಫಾದ ನಡುವಿನ ಜಾಗ ಹಿಡಿದೆ. ಕಥೆ ಹೀಗಿತ್ತು. ಭೂಮಿಯಿಂದ ಎಷ್ಟೋ ಕೋಟಿ ಮೈಲಿ ದೂರದಲ್ಲಿ ಒಂದು ನೌಕೆ. ಅದರಲ್ಲಿರುವವರು ಆರೇ ಜನ. ಆರೂ ಜನ ಒಳಗೆ ಮೇಜಿನ ಸುತ್ತ ಕೂತಿರುವಾಗ ಹೊರಗಿನಿಂದ ಯಾರೋ ಬಾಗಿಲು ತಟ್ಟುತ್ತಾರೆ.

"ಅಲ್ಲಿಗೂ ಕೊರಿಯರ್‌ನವರು ಬರ್ತಾರಾ?" ಅಂದಳು ಸುಧಾ. ನಾನೂ ಮೇಘನಾನೂ ನಗಲಿಲ್ಲ. ಉಸಿರು ಬಿಟ್ಟಿದ್ದರಲ್ಲವೇ ನಗುವುದು? ನೌಕೆಯ ನಾಯಕಿ ಎದ್ದಳು. ಬಾಗಿಲಿನ ಹಿಡಿಗೆ ಕೈ ಹಾಕಿದಳು. ಕರೆಂಟ್ ಹೋಯಿತು.

ನಮ್ಮಲ್ಲಿ ಜನರೇಟರ್ ಇದೆ. ಆದರೆ ಅದರ ಕರೆಂಟು ಲಿಫ್ಟಿಗೆ, ಮೆಟ್ಟಿಲ ದೀಪಕ್ಕೆ, ಕೆಳಗಿನ ಲಾಬಿಗೆ ಮಾತ್ರ. ಮನೆಯ ಹೊಸಿಲು ದಾಟುವುದಿಲ್ಲ. ಮೇಘನಾ ತನ್ನ ಫೋನಿನಲ್ಲಿ ಹಾಕಿ ತೋರಿಸಿದಳು. ಅಷ್ಟು ದೊಡ್ಡ ನೌಕೆ ಅದರಲ್ಲಿ ಜಿರಳೆಯಷ್ಟಾಗಿ, ಯಾವುದು ಬಾಗಿಲು ಯಾವುದು ಕಿಟಕಿ ತಿಳಿಯಲಿಲ್ಲ. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು.

"ಭಾವ, ಈಗ್ತಾನೆ ಮುಗೀತು. ಬಾಗಿಲ ಹತ್ರ ಯಾರು ಗೊತ್ತಾ—"

ನಾನು ಫೋನನ್ನೇ ಆರಿಸಿಬಿಟ್ಟೆ. ಮರುಗಳಿಗೆ ಸುಧಾಳ ಫೋನು ಶುರುವಾಯಿತು. ಅವಳು ಅದನ್ನು ದಿಂಬಿನ ಕೆಳಗೆ ತುರುಕಿದಳು. ಸತೀಶ ಸುಮ್ಮನಾಗುವವನಲ್ಲ, ತಡಮಾಡಿದರೆ ಸ್ಕೂಟರ್ ಹತ್ತಿ ಬಂದೇ ಹೇಳುತ್ತಾನೆ.

ಮನೆಯಲ್ಲಿ ನಾನು ತೀರ್ಮಾನ ಮಾಡಿದ ಸಂದರ್ಭಗಳು ಅಪರೂಪ. ಕಿಟಕಿ ಪರದೆಯ ಬಣ್ಣದಿಂದ ಹಿಡಿದು ಪ್ರವಾಸದ ಊರಿನವರೆಗೆ ನನ್ನದು ತಲೆಯಾಡಿಸುವ ಖಾತೆ. ಅಂದು ಮಾತ್ರ ಎದ್ದು ನಿಂತು, "ಟಿವಿ ಹಿಡ್ಕೊಳ್ಳಿ, ಲಾಬಿಗೆ ಹೋಗೋಣ" ಅಂದೆ. ಇಬ್ಬರೂ ಮರುಮಾತಾಡದೆ ಹಿಡಿದುಕೊಂಡದ್ದು ನನಗೆ ಈಗಲೂ ಆಶ್ಚರ್ಯ. ದೀಪದ ಕುಡಿಯನ್ನು ಕಾಪಾಡುವಂತೆ ಟಿವಿಯನ್ನು ಎದೆಗವಚಿಕೊಂಡು ಲಿಫ್ಟಿನಲ್ಲಿ ಇಳಿದೆವು. ಪಾರ್ಸೆಲ್ ಇಡುವ ಮೇಜಿನ ಮೇಲೆ ಗೋಡೆಗೊರಗಿಸಿ, ಲಾಬಿಯ ಪ್ಲಗ್ಗಿಗೆ ಸಿಕ್ಕಿಸಿ, ಮೇಘನಾಳ ಫೋನಿನಿಂದ ನೆಟ್ ಕೊಟ್ಟೆವು. ಪರದೆ ನಿಂತ ದೃಶ್ಯದಲ್ಲೇ ಮತ್ತೆ ಬೆಳಗುವ ಹೊತ್ತಿಗೆ ಅಸೋಸಿಯೇಷನ್ ಅಧ್ಯಕ್ಷ ಮುನೇಗೌಡರು ಮೆಟ್ಟಿಲಿಳಿದು ಬಂದರು. ಈ ಕಟ್ಟಡ ಎದ್ದಿರುವುದು ಅವರ ತಾತನ ದ್ರಾಕ್ಷಿ ತೋಟದ ಮೇಲೆ. ಹೀಗಾಗಿ ಇಲ್ಲಿ ಹುಲ್ಲುಕಡ್ಡಿ ಅಲುಗಿದರೂ ಅವರಿಗೆ ಲೆಕ್ಕ ಒಪ್ಪಿಸಬೇಕು.

"ಏನ್ ಸಾರ್ ಇದು? ಒಬ್ಬೊಬ್ರೂ ಇಂಗೆ ಮನೆ ಸಾಮಾನು ತಂದು ಇಲ್ಲಿ ಆಕ್ಕೊಂಡ್ರೆ ಎಂಗೆ? ರೂಲ್ಸ್ ಅಂತ ಒಂದಿದೆ."

ಬೇರೆ ದಿನವಾಗಿದ್ದರೆ ಕ್ಷಮೆ ಕೇಳಿ ಟಿವಿ ಹೊತ್ತು ಹೊರಡುತ್ತಿದ್ದೆ. "ಗೌಡ್ರೇ, ಆ ಹೆಂಗಸು ಬಾಗಿಲ ಹಿಡಿ ಮೇಲೆ ಕೈ ಇಟ್ಟಿದ್ದಾಳೆ. ಅದೊಂದು ತೆಗೀಲಿ. ಆಮೇಲೆ ನೀವು ಹೇಳಿದ ಹಾಗೆ" ಅಂದೆ.

ಗೌಡರು ಪರದೆ ನೋಡಿದರು. ಅವರ ಮುಖ ಮೆತ್ತಗಾಯಿತು. "ನಮ್ಮನೇಲೂ ಅಲ್ಲಿಗೇ ಕರೆಂಟ್ ಓಯ್ತು ಸಾರ್" ಎಂದು ತಗ್ಗಿದ ದನಿಯಲ್ಲಿ ಹೇಳಿ, "ಸ್ವಲ್ಪ ಸೌಂಡ್ ಜಾಸ್ತಿ ಮಾಡಿ" ಅಂದರು.

ಆಮೇಲೆ ನಡೆದದ್ದನ್ನು ನಾನು ಯಾರಿಗೆ ಬೇಕಾದರೂ ಎಷ್ಟು ಸಲ ಬೇಕಾದರೂ ಹೇಳಬಲ್ಲೆ. ಕಥೆಯನ್ನು ಅಲ್ಲೇ ನಿಲ್ಲಿಸಿಟ್ಟೆವು, ಗೌಡರೇ ಗ್ರೂಪಿನಲ್ಲಿ ಮೆಸೇಜ್ ಹಾಕಿದರು. ಮಹಡಿ ಮಹಡಿಯಿಂದ ಜನ ಇಳಿದರು. ಪಾರ್ಟಿ ಹಾಲಿನ ಕುರ್ಚಿಗಳು ಬಂದವು, ಯಾರದೋ ಮನೆಯ ಕೋಡುಬಳೆ ಡಬ್ಬಿ ಕೈಯಿಂದ ಕೈಗೆ ಸಾಗಿತು. ವರ್ಷಗಟ್ಟಲೆ ಪಾರ್ಕಿಂಗ್ ಜಾಗಕ್ಕಾಗಿ ಮುಖ ತಿರುಗಿಸಿಕೊಂಡಿದ್ದವರು ಮೊಣಕೈ ತಾಗಿಸಿಕೊಂಡು ಕೂತರು. ನಾಯಕಿ ಹಿಡಿಯನ್ನು ತಿರುಗಿಸಿದಳು. ಕೋಡುಬಳೆ ಕಡಿಯುವ ಸದ್ದೂ ನಿಂತಿತು. ಬಾಗಿಲು ತೆರೆಯಿತು. ಆಮೇಲೆ ಲಾಬಿ ಹಾರಿಹೋಗುವಂಥ ಚಪ್ಪಾಳೆ, ಶಿಳ್ಳೆ. ಗೌಡರು ನನ್ನ ಎರಡೂ ಕೈ ಹಿಡಿದು ಕುಲುಕಿದರು. ಸುಧಾ, ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಮೊದಲ ಸಲ, ನಾಲ್ಕು ಜನರ ಮುಂದೆ "ಇದು ನಮ್ಮನೆಯವರ ಐಡಿಯಾ" ಅಂದಳು.

ಮರುದಿನ ಲಿಫ್ಟಿನಲ್ಲಿ ಗೌಡರು ಸಿಕ್ಕರು. "ಬಾಗಿಲ ಇಂದೆ ಅದಿರುತ್ತೆ ಅಂತ ನಾನು ಎಣಿಸೇ ಇರ್ಲಿಲ್ಲ ಸಾರ್. ನೀವು?"

ಬಾಗಿಲು ತೆರೆದ ಆ ಕ್ಷಣದಲ್ಲಿ ನಾನು ಪರದೆಗೆ ಬೆನ್ನು ಮಾಡಿ, ನನ್ನಿಂದಾಗಿ ಕೂಡಿದ ಜನರ ಮುಖಗಳನ್ನು ನೋಡುತ್ತ ಮೈಮರೆತಿದ್ದೆ. ಅಲ್ಲಿ ಏನಿತ್ತೆಂದು ಕೇಳಲು ಈಗ ಬಾಯಿ ಬರುತ್ತಿಲ್ಲ. ಮತ್ತೊಮ್ಮೆ ಹಾಕಿ ನೋಡೋಣವೆಂದರೆ ಮನೆಯಲ್ಲಿ ಒಬ್ಬನೇ ಇರುವ ಹೊತ್ತು ಸಿಕ್ಕಿಲ್ಲ.

"ನಾನೂ ಎಣಿಸಿರಲಿಲ್ಲ ಗೌಡ್ರೇ" ಅಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.